ಕೆಲಸಕ್ಕೆ ಬಾರದವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದ ಬಳಿಕ ಉಪಾಹಾರದ ಹೊತ್ತಿನಲ್ಲಿ ಕಿವಿಗೆ ಬಿದ್ದ ಒಂದು ಮಾತೇ ಈ ಲೇಖನಕ್ಕೆ ನಿಮಿತ್ತವಾಯಿತು. ಸುಮಾರು ಇಪ್ಪತ್ತೈದು ವರ್ಷ ವಯಸ್ಸಿನ ಯುವಕನೊಬ್ಬನು, ಬುದ್ಧಿಯ ಬೆಳವಣಿಗೆಯು ವಯಸ್ಸಿಗೆ ತಕ್ಕಂತೆ ಆಗದವನು, ಬಂದವರಿಗೆಲ್ಲ ನೀರನ್ನೂ ಕಾಫಿಯನ್ನೂ ತಂದುಕೊಡುತ್ತಿದ್ದನು. ಅವನನ್ನು ನೋಡಿ ಸಂಭಾವಿತರೊಬ್ಬರು, “ಪಾಪ, ಕೆಲಸಕ್ಕೆ ಬಾರದವನು, ತಂದೆತಾಯಿಗಳ ಪ್ರಾರಬ್ಧ” ಎಂದು ನಿಟ್ಟುಸಿರು ಬಿಟ್ಟರು. ಆಗ ಅವರ ಕೈಯಲ್ಲಿದ್ದ ಲೋಟವು ಆ ಯುವಕನೇ ತೊಳೆದು, ತುಂಬಿ, ತಂದುಕೊಟ್ಟ ಲೋಟ. ಅಂದು ಸಭೆಗೆ ಮುಂಚೆ ಕುರ್ಚಿಗಳನ್ನು ಸಾಲಾಗಿ ಹಾಕಿದವನೂ, ಸಭೆಯ ತರುವಾಯ ಅವನ್ನು ಮಡಿಸಿ ಒಳಗಿಟ್ಟವನೂ ಅವನೇ. ಅಡಿಗೆಯವನಿಗೆ ಕೂಲಿ ಸಂದಿತು. ಧ್ವನಿವರ್ಧಕದವನಿಗೆ ಬಾಡಿಗೆ ಸಂದಿತು. ಇವನಿಗೆ ಉಳಿದ ಉಪ್ಪಿಟ್ಟು ಸಂದಿತು. ಕೆಲಸವನ್ನು ಮಾಡಿಸಿಕೊಂಡು, ಮಾಡಿದವನನ್ನೇ ಕೆಲಸಕ್ಕೆ ಬಾರದವನೆಂದು ಕರೆಯುವ ಈ ವಿಚಿತ್ರ ನ್ಯಾಯವನ್ನು ಕೊಂಚ ಪರೀಕ್ಷಿಸಬೇಕಾಗಿದೆ.

ನಾವು ಯಾರ ವಿಷಯವನ್ನು ಹೇಳಹೊರಟಿರುವೆವೆಂಬುದು ಮೊದಲು ಸ್ಪಷ್ಟವಾಗಲಿ. ಹುಟ್ಟಿನಿಂದಲೋ ಎಳವೆಯಿಂದಲೋ ಬುದ್ಧಿಯ ವಿಕಾಸವು ನಿಧಾನವಾದವರು, ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯುಳ್ಳವರು, ಆಟಿಸಂ ಅಥವಾ ಸ್ವಲೀನತೆಯುಳ್ಳವರು, ಇವರ ವಿಷಯ. ಇದಕ್ಕೆ ಕಾರಣಗಳು ಹಲವು. ಜೀವಕೋಶಗಳಲ್ಲಿ ಇಪ್ಪತ್ತೊಂದನೆಯ ವರ್ಣತಂತುವು ಒಂದು ಹೆಚ್ಚಾಗಿರುವುದರಿಂದ ಡೌನ್ ಸಿಂಡ್ರೋಮ್ ಉಂಟಾಗುತ್ತದೆ. ಹೆರಿಗೆಯ ಕಾಲದಲ್ಲಿ ಶಿಶುವಿನ ಮೆದುಳಿಗೆ ಪ್ರಾಣವಾಯು ಸಾಲದೆಹೋಗುವುದು, ಥೈರಾಯ್ಡ್ ಗ್ರಂಥಿಯ ಕೊರತೆಗೆ ಸಕಾಲದಲ್ಲಿ ಚಿಕಿತ್ಸೆಯಾಗದಿರುವುದು, ಇವೂ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತವೆ. ತಂದೆತಾಯಿಗಳ ಪಾಪವೆಂಬುದು ವೈದ್ಯರ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದ ಅಂಗವಿಕಲರು ೨ ಕೋಟಿ ೬೮ ಲಕ್ಷವೆಂದೂ, ಅವರಲ್ಲಿ ಬುದ್ಧಿಮಾಂದ್ಯವುಳ್ಳವರು ಸುಮಾರು ೧೫ ಲಕ್ಷವೆಂದೂ ಬರೆಯಲ್ಪಟ್ಟಿದೆ. ಗಣತಿಯವರು ಬಂದಾಗ ಮನೆಯವರು ಹೇಳದೆ ಬಿಟ್ಟವರು ಈ ಲೆಕ್ಕದ ಹೊರಗೆ. ಇಂಥವರಲ್ಲಿ ನೂರಕ್ಕೆ ಸುಮಾರು ೮೫ ಮಂದಿಯ ಕೊರತೆಯು ಸೌಮ್ಯವಾದದ್ದೆಂಬುದು ವೈದ್ಯಗ್ರಂಥಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಅಂದರೆ, ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವ ಅಸಹಾಯಕ ಮೂರ್ತಿಯು ಈ ಜನರ ಪೈಕಿ ಅಲ್ಪಸಂಖ್ಯಾತವಾದುದು.

ಪಾಠಶಾಲೆಯಲ್ಲಿ ಕಲಿತ ಅಭ್ಯಾಸದಂತೆ ಪೂರ್ವಪಕ್ಷವನ್ನು ಮೊದಲು ನಿಲ್ಲಿಸೋಣ. ಇಂಥವರಿಗೆ ಉದ್ಯೋಗವೇಕೆ ಎಂದು ಕೇಳುವ ಮಹಾಶಯರು ಸಾಮಾನ್ಯವಾಗಿ ಮೂರು ಮಾತುಗಳನ್ನು ಹೇಳುವರು. ಒಂದು: ಎಷ್ಟು ಕಲಿಸಿದರೂ ಇವರು ಕಲಿಯಲಾರರು. ಎರಡು: ಪದವೀಧರರೇ ಉದ್ಯೋಗವಿಲ್ಲದೆ ಅಲೆಯುತ್ತಿರುವಾಗ ಇವರ ಗೊಡವೆ ಈಗೇಕೆ? ಮೂರು: ಇವರನ್ನು ದುಡಿಸುವುದು ಕ್ರೌರ್ಯ, ಮನೆಯಲ್ಲಿಟ್ಟುಕೊಂಡು ಅನ್ನವಿಕ್ಕಿ ಕಾಪಾಡುವುದೇ ಧರ್ಮ. ಮೂರೂ ಸದ್ಗೃಹಸ್ಥರ ಬಾಯಿಂದ ಬರತಕ್ಕ ಮಾತುಗಳಾದ್ದರಿಂದ ಮೂರಕ್ಕೂ ಉತ್ತರ ಹೇಳಲೇಬೇಕು.

ಮೊದಲನೆಯ ಪಕ್ಷವನ್ನು ಖಂಡಿಸುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಏಕೆಂದರೆ ಆ ಪಕ್ಷವನ್ನು ಹಿಂದೆ ನಾವೇ ಹಿಡಿದಿದ್ದೆವು. ಸುಮಾರು ಮೂವತ್ತು ವರ್ಷಗಳ ಕೆಳಗೆ ನಾವು ಸಂಸ್ಕೃತವನ್ನು ಕಲಿಸುತ್ತಿದ್ದ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ರಾಮಶಬ್ದದ ಪ್ರಥಮಾ ವಿಭಕ್ತಿಯನ್ನೂ ಅವನು ಸರಿಯಾಗಿ ಹೇಳಲಾರನು. ಒಂದು ದಿನ ಅವನ ತಂದೆಯನ್ನು ಕರೆಯಿಸಿ, “ಇವನಿಗೆ ವಿದ್ಯೆ ಹತ್ತದು; ಇಲ್ಲಿ ಬರಿದೆ ಕಾಲಹರಣ; ಮನೆಯಲ್ಲಿಟ್ಟುಕೊಳ್ಳಿ” ಎಂದೆವು. ಆತನು ಮರುಮಾತಾಡದೆ ಮಗನ ಕೈಹಿಡಿದುಕೊಂಡು ಹೋದನು. ಮರುದಿನ ಶಾಲೆಯ ಗಂಟೆಯು ಕಾಲು ಗಂಟೆ ತಡವಾಗಿ ಹೊಡೆಯಿತು. ವಿಚಾರಿಸಲಾಗಿ, ಹಿಂದಿನ ಎರಡು ವರ್ಷಗಳಿಂದ ಪ್ರತಿ ಅವಧಿಯ ಗಂಟೆಯನ್ನೂ ಹೊಡೆಯುತ್ತಿದ್ದವನು ಆ ಹುಡುಗನೇ ಎಂದು ತಿಳಿದುಬಂದಿತು. ಗಡಿಯಾರವನ್ನು ಓದಲು ಬಾರದವನಿಗೆ ಇದು ಹೇಗೆ ಸಾಧ್ಯವಾಯಿತು? ನಮ್ಮ ಶಾಲೆಯ ಜವಾನನು ಗಡಿಯಾರದ ಗಾಜಿನ ಮೇಲೆ ಬಣ್ಣದ ಕಾಗದದ ಚೂರುಗಳನ್ನು ಅಂಟಿಸಿ, ದೊಡ್ಡ ಮುಳ್ಳು ಕೆಂಪಿಗೆ ಬಂದಾಗ ಹೊಡೆ, ಹಸುರಿಗೆ ಬಂದಾಗ ಹೊಡೆ ಎಂದು ಕಲಿಸಿದ್ದನು. ಆ ಚೂರುಗಳನ್ನು ನಾವು ನಿತ್ಯವೂ ನೋಡಿದ್ದೆವು. ಯಾವುದೋ ಹುಡುಗರ ಕಿಡಿಗೇಡಿತನವೆಂದು ಭಾವಿಸಿದ್ದೆವು. ಜವಾನನು ಏಳನೆಯ ತರಗತಿಯನ್ನು ದಾಟಿದವನಲ್ಲ; ನಾವು ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಇಬ್ಬರಲ್ಲಿ ಉಪಾಧ್ಯಾಯನಾರೆಂಬುದನ್ನು ವಾಚಕರೇ ನಿರ್ಣಯಿಸಲಿ.

ಆ ಜವಾನನಿಗೆ ತಿಳಿಯದೆಯೇ ಹೊಳೆದ ಉಪಾಯವನ್ನು ಶಾಸ್ತ್ರವಾಗಿ ನಿರೂಪಿಸಿದವರು ಬೇರೊಂದು ದೇಶದಲ್ಲಿದ್ದರು. ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು ೧೯೭೦ರ ದಶಕದಲ್ಲಿ, ಏನನ್ನೂ ಕಲಿಯಲಾರರೆಂದು ಲೋಕವು ಕೈಬಿಟ್ಟಿದ್ದ ಬುದ್ಧಿಮಾಂದ್ಯರಿಗೆ ೧೫ ಭಾಗಗಳುಳ್ಳ ಬೈಸಿಕಲ್ಲಿನ ಬ್ರೇಕನ್ನು ಜೋಡಿಸುವುದನ್ನು ಕಲಿಸಿ ತೋರಿಸಿದರು. ಅವರ ಕ್ರಮವು ಇಷ್ಟೇ: ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಪ್ರತಿಯೊಂದು ಭಾಗದ ಯಾವ ಮುಖವು ಎದುರಿಗಿರಬೇಕೋ ಅದಕ್ಕೆ ಬಣ್ಣ ಹಚ್ಚುವುದು, ಬಹಳ ಮಾತಾಡದೆ ಕೈಯಿಂದ ತೋರಿಸುವುದು, ಕಲಿಯದಿದ್ದರೆ ಕಲಿಸುವ ರೀತಿಯನ್ನು ಬದಲಾಯಿಸುವುದು. ಈ ಕೊನೆಯ ಸೂತ್ರವೇ ಮುಖ್ಯವಾದುದು. ಶಿಷ್ಯನು ಕಲಿಯಲಿಲ್ಲವೆಂದರೆ ದೋಷವನ್ನು ಮೊದಲು ಬೋಧನಕ್ರಮದಲ್ಲಿ ಹುಡುಕಬೇಕೆಂಬುದು ನಮ್ಮವರಿಗೂ ಅಪರಿಚಿತವಲ್ಲ. ಪಂಚತಂತ್ರದ ಕಥಾಮುಖದಲ್ಲಿ ಮೂವರು ಮಂದಬುದ್ಧಿಯ ರಾಜಪುತ್ರರ ಮುಂದೆ, ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕೆಂಬ ಚರ್ಚೆ ನಡೆಯುತ್ತದೆ. ವಿಷ್ಣುಶರ್ಮನು ಆ ದಾರಿಯನ್ನೇ ಬಿಟ್ಟು ಕಥೆಗಳ ದಾರಿಯನ್ನು ಹಿಡಿದು ಆರು ತಿಂಗಳ ಅವಧಿಯನ್ನು ಕೇಳುತ್ತಾನೆ. ಆ ರಾಜಪುತ್ರರ ಸ್ಥಿತಿ ಬೇರೆ, ನಾವು ಹೇಳುತ್ತಿರುವವರ ಸ್ಥಿತಿ ಬೇರೆ ಎಂಬುದನ್ನು ಬಲ್ಲೆವು. ಆದರೆ ಗುರುವಿನ ಧರ್ಮವು ಎರಡೂ ಕಡೆ ಒಂದೇ. ಮನುಷ್ಯರಲ್ಲಿ ಯೋಗ್ಯಾಯೋಗ್ಯರನ್ನು ಕುರಿತ ಪ್ರಸಿದ್ಧ ಸುಭಾಷಿತವೊಂದನ್ನು ನಾವು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವರು. ಅದರಲ್ಲಿ ಕೊರತೆಯ ಹೊಣೆಯು ಕೆಲಸ ಮಾಡುವವನ ಮೇಲೆ ಬೀಳದೆ ಕೆಲಸವನ್ನು ಹೊಂದಿಸಿಕೊಡತಕ್ಕವನ ಮೇಲೆ ಬೀಳುತ್ತದೆಂಬುದು ಆ ತಂದೆಯು ಮಗನ ಕೈಹಿಡಿದು ಹೊರಟ ದಿನ ನಮ್ಮ ನೆನಪಿಗೆ ಬರಲಿಲ್ಲ.

ಎರಡನೆಯ ಪಕ್ಷಕ್ಕೆ ಬರೋಣ. ಪದವೀಧರರಿಗೇ ಉದ್ಯೋಗವಿಲ್ಲವೆಂಬುದು ನಿಜ. ಆದರೆ ಈ ಮಾತಿನ ಒಳಗೆ, ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ, ಹಿಂದಿನವರು ಮುಂದೆ ನುಗ್ಗುತ್ತಿದ್ದಾರೆ ಎಂಬ ಭಾವನೆಯುಂಟು. ವಾಸ್ತವವಾಗಿ ಇವರನ್ನು ಸಾಲಿನಲ್ಲಿ ನಿಲ್ಲಗೊಟ್ಟದ್ದೇ ಇತ್ತೀಚೆಗೆ. ೧೯೯೫ರ ಅಂಗವಿಕಲರ ಕಾಯಿದೆಯು ಬುದ್ಧಿಮಾಂದ್ಯವನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು; ಆದರೆ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ ಮೂರನ್ನು ಮೀಸಲಿಟ್ಟಾಗ ಒಂದನ್ನು ದೃಷ್ಟಿಹೀನರಿಗೆ, ಒಂದನ್ನು ಕಿವಿ ಕೇಳದವರಿಗೆ, ಒಂದನ್ನು ಕೈಕಾಲುಗಳ ಚಲನೆಯಲ್ಲಿ ತೊಂದರೆಯುಳ್ಳವರಿಗೆ ಹಂಚಿ, ಬುದ್ಧಿಮಾಂದ್ಯರಿಗೆ ಸೊನ್ನೆಯನ್ನು ಉಳಿಸಿತು. ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸದೆ ಹೋದಂತೆ ಇದು. ಎರಡು ದಶಕಗಳ ಮೇಲೆ, ೨೦೧೬ರ ಕಾಯಿದೆಯಲ್ಲಿ ಮೀಸಲನ್ನು ನೂರಕ್ಕೆ ನಾಲ್ಕಕ್ಕೆ ಏರಿಸಿ, ನಾಲ್ಕನೆಯ ಒಂದು ಪಾಲನ್ನು ಇವರಿಗೆ ತೆರೆದರು. ಆ ಒಂದನ್ನು ಆಟಿಸಂ, ಬುದ್ಧಿವಿಕಾಸದ ಕೊರತೆ, ಕಲಿಕೆಯ ನಿರ್ದಿಷ್ಟ ತೊಂದರೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ, ಇಷ್ಟೂ ಬಗೆಯವರು ಹಂಚಿಕೊಳ್ಳಬೇಕು. ಮೇಲಾಗಿ, ಕೇಂದ್ರ ಸರಕಾರದ ಅತಿ ಕೆಳಗಿನ ಹುದ್ದೆಗೂ ಹತ್ತನೆಯ ತರಗತಿಯ ತೇರ್ಗಡೆಯನ್ನು ಕೇಳುವುದು ವಾಡಿಕೆಯಾಗಿರಲಾಗಿ, ಬುದ್ಧಿಯ ಕೊರತೆಯುಳ್ಳವನಿಗೆ ಮೀಸಲಾದ ಬಾಗಿಲಿನಲ್ಲಿ ಬುದ್ಧಿಯ ಪರೀಕ್ಷೆಯನ್ನೇ ಕಾವಲಿಗಿಟ್ಟಂತಾಗಿದೆ.

ಅದೇ ಕಾಯಿದೆಯ ೩೫ನೆಯ ಪ್ರಕರಣದಲ್ಲಿ, ಖಾಸಗಿ ಉದ್ಯಮಗಳವರು ತಮ್ಮ ನೌಕರರಲ್ಲಿ ನೂರಕ್ಕೆ ಐದು ಮಂದಿಯಾದರೂ ಇಂಥವರಿರುವಂತೆ ಮಾಡಲು, ಸರಕಾರವೂ ಸ್ಥಳೀಯ ಸಂಸ್ಥೆಗಳೂ ಶಕ್ತ್ಯನುಸಾರ ಪ್ರೋತ್ಸಾಹ ಕೊಡತಕ್ಕದ್ದೆಂದಿದೆ. ಸ್ಥಳೀಯ ಸಂಸ್ಥೆಗಳೆಂದರೆ ನಮ್ಮ ನಗರಸಭೆ, ಪುರಸಭೆ, ಗ್ರಾಮಪಂಚಾಯಿತಿಗಳು. ಈ ಪ್ರಕರಣವನ್ನು ಹಿಡಿದು ತಮ್ಮ ಊರಿನ ಪುರಸಭೆಯ ಸದಸ್ಯರನ್ನು ಪ್ರಶ್ನಿಸಿದ ವಾಚಕರು ಎಷ್ಟು ಮಂದಿ? ಇನ್ನು ಪದವೀಧರರ ಮಾತು. ಹೋಟೆಲಿನ ಪಾತ್ರೆಗಳನ್ನು ಬೇರ್ಪಡಿಸುವುದು, ಸಸಿಗಳ ಚೀಲಕ್ಕೆ ಮಣ್ಣು ತುಂಬುವುದು, ಮುದ್ರಣಾಲಯದಲ್ಲಿ ಹಾಳೆಗಳನ್ನು ಜೋಡಿಸುವುದು, ಗ್ರಂಥಾಲಯದ ಪುಸ್ತಕಗಳನ್ನು ಸ್ವಸ್ಥಾನಕ್ಕೆ ಸೇರಿಸುವುದು, ಈ ಕೆಲಸಗಳಿಗೆ ನಮ್ಮ ಪದವೀಧರರು ಅರ್ಜಿ ಹಾಕಿಕೊಂಡದ್ದನ್ನು ನಾವು ಕಂಡಿಲ್ಲ. ಮಾಲೀಕರಾದರೋ, ಈ ಕೆಲಸಗಳಿಗೆ ಬಂದವರು ಆರು ತಿಂಗಳು ನಿಲ್ಲುವುದಿಲ್ಲವೆಂದು ಗೋಳಾಡುತ್ತಿರುವರು. ಒಂದೇ ಕೆಲಸವನ್ನು ಒಂದೇ ಕ್ರಮದಲ್ಲಿ ನಿತ್ಯವೂ ಮಾಡುವುದರಲ್ಲಿ ಬೇಸರಪಡದೆ ಸಂತೋಷವನ್ನೇ ಪಡುವ ಜನರು ಪಕ್ಕದ ಬೀದಿಯಲ್ಲಿ ಖಾಲಿ ಕುಳಿತಿದ್ದಾರೆಂಬುದು ಅವರಿಗೆ ಹೊಳೆಯುವುದಿಲ್ಲ.

ಮೂರನೆಯ ಪಕ್ಷವು ಎಲ್ಲಕ್ಕಿಂತ ಮೃದುವಾದುದು. ಆದಕಾರಣವೇ ಎಲ್ಲಕ್ಕಿಂತ ಅಪಾಯಕರವಾದುದು. ಮನೆಯಲ್ಲಿಟ್ಟು ಅನ್ನವಿಕ್ಕುವುದು ಧರ್ಮವೆನ್ನುವರಷ್ಟೆ. ಎಷ್ಟು ದಿನ? ತಂದೆತಾಯಿಗಳಿರುವವರೆಗೆ. ಇಂಥ ಮಕ್ಕಳನ್ನು ಹೆತ್ತವರು ರಾತ್ರಿ ನಿದ್ದೆಗೆಟ್ಟು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಮ್ಮ ಕಾಲಾನಂತರ ಇವನ ಗತಿಯೇನು? ನಾವು ಶಾಲೆಯಿಂದ ಕಳುಹಿಸಿದ ಆ ಹುಡುಗನಿಗೆ ಇಂದು ನಲವತ್ತು ದಾಟಿದೆ. ತಂದೆ ತೀರಿಕೊಂಡ ಮೇಲೆ ಅವನು ಬಂಧುಗಳೊಬ್ಬರ ಮನೆಯಲ್ಲಿದ್ದಾನೆ. ಬೆಳಗಿನ ಜಾವ ಕೊಟ್ಟಿಗೆಯನ್ನು ಗುಡಿಸುವನು, ತೋಟಕ್ಕೆ ನೀರು ಕಟ್ಟುವನು, ಅಂಗಡಿಯ ಮೂಟೆಗಳನ್ನು ಇಳಿಸುವನು, ರಾತ್ರಿ ಪಾತ್ರೆ ತೊಳೆದು ಮಲಗುವನು. ಅವನ ಹೆಸರಿನಲ್ಲಿ ಒಂದು ರೂಪಾಯಿಯೂ ಇಲ್ಲ. ಆ ಮನೆಯವರು ದುಷ್ಟರಲ್ಲ. ಅವನನ್ನು ಸಾಕುತ್ತಿದ್ದೇವೆಂದೇ ಪ್ರಾಮಾಣಿಕವಾಗಿ ನಂಬಿದ್ದಾರೆ. ಸಾಕುತ್ತಿರುವವರು ಯಾರು, ಸಾಕಲ್ಪಡುತ್ತಿರುವವರು ಯಾರು ಎಂಬುದನ್ನು ಕೂಲಿಯ ದರದಲ್ಲಿ ಲೆಕ್ಕ ಹಾಕಿದರೆ ಉತ್ತರವು ಬೇರೆಯಾಗಿ ಬರುವುದು.

ಭಾಗವತದ ಜಡಭರತನ ಕಥೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಅವನನ್ನು ಜಡನೆಂದು ತಿಳಿದ ಅಣ್ಣಂದಿರು ಹೊಲದ ಕೆಲಸಕ್ಕೆ ಹಚ್ಚಿ, ನುಚ್ಚು, ಹಿಂಡಿ, ಪಾತ್ರೆಗೆ ಹತ್ತಿದ ಸೀಕಲು ಅನ್ನ, ಇವನ್ನು ತಿನ್ನಲು ಕೊಟ್ಟರು. ರಹೂಗಣರಾಜನ ಕಡೆಯವರು ಅವನನ್ನು ಹಿಡಿದು ಪಲ್ಲಕ್ಕಿ ಹೊರಿಸಿದರು. ಅವನಿಗೆ ಕೂಲಿಯನ್ನು ಕೊಟ್ಟರೆಂದು ಕಥೆಯಲ್ಲಿಲ್ಲ. ನಾವಾದರೋ ಇಂದು ಜಡಭರತನೆಂಬ ಹೆಸರನ್ನು ಬೈಗುಳವಾಗಿ ಉಪಯೋಗಿಸುತ್ತಿರುವೆವು; ಆ ಕಥೆಯಲ್ಲಿ ತಲೆ ತಗ್ಗಿಸಬೇಕಾದವರು ಯಾರೆಂಬುದನ್ನು ಮರೆತಿರುವೆವು. ಕೂಲಿಯ ವಿಷಯದಲ್ಲಿ ಕಾಯಿದೆಯೂ ಬಹುಕಾಲ ಅಣ್ಣಂದಿರ ಪಕ್ಷವನ್ನೇ ವಹಿಸಿತ್ತು. ೧೯೪೮ರ ಕನಿಷ್ಠ ವೇತನಗಳ ಕಾಯಿದೆಯ ೨೬ನೆಯ ಪ್ರಕರಣವು, ಅಂಗವಿಕಲ ನೌಕರರ ವೇತನಕ್ಕೆ ಆ ಕಾಯಿದೆಯು ಅನ್ವಯಿಸದೆಂದು ಆಜ್ಞೆ ಮಾಡಲು ಸರಕಾರಗಳಿಗೆ ಅವಕಾಶವನ್ನಿಟ್ಟಿತ್ತು. ದಯೆಯ ಹೆಸರಿನಲ್ಲಿ ಕಡಿಮೆ ಕೂಲಿ ಕೊಡುವುದಕ್ಕಿಂತ ದಯೆಯಿಲ್ಲದೆ ಪೂರ್ತಿ ಕೂಲಿ ಕೊಡುವುದು ಮೇಲೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಹಾಗಾದರೆ ಮಾಡತಕ್ಕದ್ದೇನು? ಇಲ್ಲಿ ಇನ್ನೊಂದು ಭ್ರಾಂತಿಯನ್ನು ನಿವಾರಿಸಬೇಕು. ತರಬೇತಿ ಕೊಟ್ಟರೆ ಉದ್ಯೋಗ ತಾನಾಗಿ ಬರುವುದೆಂದು ನಂಬಿ, ಮೇಣದ ಬತ್ತಿಯನ್ನೂ ಕಾಗದದ ಲಕೋಟೆಯನ್ನೂ ಮಾಡಿಸುತ್ತ ಹತ್ತು ವರ್ಷ ಕೂರಿಸುವುದು ಅನೇಕ ಕಡೆ ನಡೆದಿದೆ. ಕೊಳ್ಳುವವರು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಬಂದು ಮೆಚ್ಚಿ ಹೋಗುವ ಅತಿಥಿಗಳು ಮಾತ್ರ. ಒಂದು ಸ್ಥಳದಲ್ಲಿ ಕಲಿತದ್ದನ್ನು ಇನ್ನೊಂದು ಸ್ಥಳಕ್ಕೆ ಒಯ್ಯುವುದೇ ಇವರಿಗೆ ಕಷ್ಟವಾಗಿರುವಾಗ, ನಿಜವಾದ ಕೆಲಸವಿರುವ ಸ್ಥಳದಲ್ಲಿಯೇ ಕಲಿಸುವುದು ಸರಿಯಾದ ಮಾರ್ಗ. ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲಿಯೇ ಒಬ್ಬ ಸಹಾಯಕನನ್ನು ಜೊತೆಗಿಟ್ಟು ಕಲಿಸಿ, ಅವನು ಕಲಿತಂತೆಲ್ಲ ಸಹಾಯಕನು ಹಿಂದೆ ಸರಿಯುವ ಈ ಪದ್ಧತಿಯನ್ನು ಅಮೆರಿಕದ ಕಾಯಿದೆಯು ೧೯೮೬ರಲ್ಲಿಯೇ ಅಂಗೀಕರಿಸಿತು. ೧೯೯೬ರಲ್ಲಿ ಆ ದೇಶದ ಸಿನ್ಸಿನಾಟಿ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಯುವಕಯುವತಿಯರನ್ನು ಚಿಕಿತ್ಸಾಸಾಮಗ್ರಿಗಳನ್ನು ತುಂಬಿಡುವ ಕೆಲಸಕ್ಕೆ ತೆಗೆದುಕೊಂಡರು. ಅಲ್ಲಿ ಆರಂಭವಾದ ಯೋಜನೆಯು ಇಂದು ಅನೇಕ ದೇಶಗಳಿಗೆ ಹಬ್ಬಿದೆ. ದೂರದ ಮಾತೇಕೆ? ನಮ್ಮ ಹುಬ್ಬಳ್ಳಿಯಲ್ಲಿ ೨೦೧೭ರಲ್ಲಿ ಮಿಟ್ಟಿ ಕೆಫೆ ಎಂಬ ಉಪಾಹಾರಗೃಹವು, ಬುದ್ಧಿವಿಕಾಸದ ಕೊರತೆಯುಳ್ಳವರನ್ನೂ ಇತರ ವಿಕಲರನ್ನೂ ನೌಕರರನ್ನಾಗಿಟ್ಟುಕೊಂಡು ಆರಂಭವಾಯಿತು. ೨೦೨೩ರ ನವೆಂಬರಿನಲ್ಲಿ ಅದೇ ಸಂಸ್ಥೆಯ ಶಾಖೆಯೊಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೇ ತೆರೆಯಲ್ಪಟ್ಟಿತು. ನ್ಯಾಯಾಧೀಶರಿಗೂ ವಕೀಲರಿಗೂ ಕಾಫಿ ಕೊಡಬಲ್ಲವರು ನಮ್ಮ ಊರಿನ ಹೋಟೆಲಿನಲ್ಲಿ ಮಾತ್ರ ಕೊಡಲಾರರೆನ್ನುವುದು ಹೇಗೆ?

ಮನೆಯವರಿಗೆ ನಮ್ಮ ಬಿನ್ನಹವೆಂದರೆ, ಯೋಜನೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆರಂಭಿಸಿರಿ. ಶಾಲೆ ಮುಗಿದು ಮೂಲೆ ಹಿಡಿದ ಮೇಲಲ್ಲ. ಮಗುವಿಗೆ ಏನು ಬಾರದೆಂಬ ಪಟ್ಟಿಯು ನಿಮ್ಮಲ್ಲಿ ಆಗಲೇ ಇರುವುದು. ಏನು ಬರುವುದು, ಯಾವುದರಲ್ಲಿ ಇಷ್ಟವಿದೆ, ಗದ್ದಲವನ್ನು ಸಹಿಸುವನೇ, ಜನರ ನಡುವೆ ಸುಖವೋ ಒಂಟಿಯಾಗಿ ಸುಖವೋ, ಎಷ್ಟು ಹೊತ್ತು ನಿಲ್ಲಬಲ್ಲನು ಎಂಬ ಇನ್ನೊಂದು ಪಟ್ಟಿಯನ್ನು ಮಾಡಿರಿ. ಮಾತಾಡಬಲ್ಲವನನ್ನು ಬಾಯಿಬಿಟ್ಟು ಕೇಳಿರಿ; ತನ್ನ ಉದ್ಯೋಗದ ವಿಷಯದಲ್ಲಿ ತನ್ನನ್ನೇ ಕೇಳದೆ ನಿರ್ಣಯಿಸುವುದನ್ನು ನಿಮ್ಮ ಇತರ ಮಕ್ಕಳು ಸಹಿಸುವರೆ? ಒಬ್ಬನೇ ಬಸ್ಸು ಹತ್ತುವುದು, ಹಣ ಎಣಿಸುವುದು, ಬೇಡವೆನ್ನುವುದು, ಇವನ್ನು ಅಕ್ಷರಕ್ಕಿಂತ ಮೊದಲು ಕಲಿಸಿರಿ. ಎರಡು ಮೂರು ಬಗೆಯ ಸ್ಥಳಗಳಲ್ಲಿ ಕೆಲವು ವಾರಗಳ ಕಾಲ ಕೆಲಸದ ರುಚಿ ತೋರಿಸಿರಿ. ಸಂಬಳವು ಅವನ ಹೆಸರಿನ ಬ್ಯಾಂಕಿನ ಖಾತೆಗೇ ಬರಲಿ. ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನಿನ ರಕ್ಷಕರಾಗಿ ಮುಂದುವರಿಯುವುದಿಲ್ಲ. ಬೇಕಾದಲ್ಲಿ ರಕ್ಷಕರನ್ನು ನೇಮಿಸಿಕೊಳ್ಳಲು ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಇದನ್ನು ತಿಳಿಯದೆ ಸಂಕಟಪಟ್ಟ ವಿದ್ಯಾವಂತ ಕುಟುಂಬಗಳನ್ನು ನಾವು ಕಂಡಿರುವೆವು.

ಒಂದು ಮಾತನ್ನು ಸೇರಿಸದೆ ಹೋದರೆ ಅನ್ಯಾಯವಾದೀತು. ಎಷ್ಟು ಸಹಾಯ ಕೊಟ್ಟರೂ ದುಡಿದು ಗಳಿಸಲಾಗದವರು ಇದ್ದಾರೆ. ಅವರ ಊಟವೂ ಗೌರವವೂ ದುಡಿಮೆಯ ಅಳತೆಗೆ ಒಳಪಡಕೂಡದು. ಮುದುಕರಾದ ನಮ್ಮಂಥವರನ್ನು ದುಡಿಯದೆಯೇ ಈ ಲೋಕವು ಸಾಕುತ್ತಿಲ್ಲವೆ? ನಮ್ಮ ವಾದವು ದುಡಿಯಬಲ್ಲವರನ್ನು ಕುರಿತದ್ದು, ಅದರಲ್ಲಿಯೂ ಈಗಾಗಲೇ ದುಡಿಯುತ್ತಿದ್ದು ಕೂಲಿಯನ್ನು ಕಾಣದವರನ್ನು ಕುರಿತದ್ದು.

ಕೊನೆಯದಾಗಿ ನಮ್ಮ ಸಂಘದ ಕಾರ್ಯಕಾರೀ ಮಂಡಲಿಯವರಲ್ಲಿ ಒಂದು ವಿಜ್ಞಾಪನೆ. ಪರರಿಗೆ ಉಪದೇಶ ಹೇಳಿ ಮನೆಯನ್ನು ಮರೆಯುವುದು ಲೇಖಕರ ಜಾತಿಗೆ ಅಂಟಿದ ದೋಷ. ಈ ಪತ್ರಿಕೆಯ ಪ್ರತಿಗಳಿಗೆ ಪ್ರತಿ ತಿಂಗಳೂ ಹೊದಿಕೆ ಹಾಕಿ, ವಿಳಾಸದ ಚೀಟಿಯನ್ನೂ ಅಂಚೆಯ ಚೀಟಿಯನ್ನೂ ಅಂಟಿಸಿ, ಕಟ್ಟು ಕಟ್ಟಿ ಅಂಚೆಮನೆಗೆ ಒಯ್ಯುವ ಕೆಲಸವುಂಟಷ್ಟೆ. ಅದನ್ನು ಪುರಸೊತ್ತಾದಾಗ ಮಾಡುವ ಮಿತ್ರರಿಂದ ಪತ್ರಿಕೆಯು ತಡವಾಗಿ ತಲಪುತ್ತಿದೆಯೆಂದು ವಾಚಕರು ಆಕ್ಷೇಪಿಸುತ್ತಲೇ ಇದ್ದಾರೆ. ಆ ಕೆಲಸವನ್ನು, ಕಳೆದ ಸಭೆಯಲ್ಲಿ ಕುರ್ಚಿ ಹಾಕಿ ಕಾಫಿ ಹಂಚಿದ ಆ ಯುವಕನಿಗೆ, ಅವನೂ ಅವನ ಮನೆಯವರೂ ಒಪ್ಪಿದಲ್ಲಿ, ಬೇರೆ ಯಾರಿಗಾದರೂ ಕೊಡಬೇಕಾಗುತ್ತಿದ್ದ ದರದಲ್ಲಿಯೇ ಕೊಡತಕ್ಕದ್ದೆಂದು ಮುಂದಿನ ಸಭೆಯಲ್ಲಿ ನಾವು ಸೂಚನೆ ತರುವವರಿದ್ದೇವೆ. ಮೊದಲ ಮೂರು ತಿಂಗಳು ಜೊತೆಯಲ್ಲಿ ಕುಳಿತು ಕಲಿಸುವ ಹೊಣೆ ನಮ್ಮದು. ಬಣ್ಣದ ಕಾಗದವನ್ನು ನಾವೇ ತರುತ್ತೇವೆ. ಮೂರು ತಿಂಗಳಲ್ಲಿ ಅವನು ಕಲಿಯದಿದ್ದರೆ ನಮ್ಮ ಬೋಧನಕ್ರಮವನ್ನು ಬದಲಾಯಿಸಿ ಇನ್ನು ಮೂರು ತಿಂಗಳು ಕುಳಿತುಕೊಳ್ಳುವೆವು. ಕಳೆದ ಸಭೆಯ ದುಡಿಮೆಗೆ ಸಲ್ಲಬೇಕಾದ ಕೂಲಿಯನ್ನೂ ಅದೇ ದಿನ ಲೆಕ್ಕ ಹಾಕಿ ಅವನ ಕೈಗೆ ಕೊಡಬೇಕೆಂದು ಕೋರುತ್ತೇವೆ. ಸೂಚನೆಯನ್ನು ಅನುಮೋದಿಸುವವರು ಬೇಕಾಗಿದ್ದಾರೆ.